ನಂಬರ್ ಮಾಮ ಬರೆದ ದಾಖಲೆ

ಆ ಊರಿನಲ್ಲಿ ಅವನ ಕೈ ಬೀಳದ ಬಾಗಿಲೇ ಇರಲಿಲ್ಲ. ಮನೆ ನಂಬರು, ಅಂಗಡಿ ನಂಬರು, ಬಸ್ಸಿನ ನೆತ್ತಿಯ ನಂಬರು, ಆಸ್ಪತ್ರೆಯ ಮಂಚಗಳ ನಂಬರು, ಎಲ್ಲವನ್ನೂ ನಲವತ್ತು ವರ್ಷದಿಂದ ಅವನೇ ಬರೆದಿದ್ದ. ಹೆತ್ತವರು ಇಟ್ಟ ಹೆಸರು ಎಲ್ಲೋ ಮೂಲೆಗೆ ಬಿದ್ದು, ಚಿಕ್ಕವರಿಗೂ ದೊಡ್ಡವರಿಗೂ ಅವನು ನಂಬರ್ ಮಾಮನೇ ಆಗಿಬಿಟ್ಟಿದ್ದ. ಈಗೇನು, ಅಂಗಡಿಗೆ ಹೋದರೆ ಅರ್ಧ ಗಂಟೆಯಲ್ಲಿ ಪ್ಲಾಸ್ಟಿಕ್ ಬೋರ್ಡು ಅಚ್ಚಾಗಿ ಕೈಗೆ ಬರುತ್ತದೆ. ಬರಲಿ, ಬೇಡವೆಂದವರು ಯಾರು? ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅದರ ಮುಖ ಬಿಳಿಚಿಕೊಂಡಿರುತ್ತದೆ. ಮಾಮ ಬರೆದದ್ದು ಹಾಗಲ್ಲ. ಅವನು ಬಣ್ಣ ಮುಟ್ಟುವ ಮೊದಲು ಅಂಕಿಯ ಅಂಚನ್ನು ಮೊಳೆಯಿಂದ ಮರದಲ್ಲಿ ಗೀರುತ್ತಿದ್ದ, ಆಮೇಲೆ ಆ ಗೀರಿನ ಒಳಗೆ ಬಣ್ಣ ತುಂಬುತ್ತಿದ್ದ. "ಬಣ್ಣ ಹೋದ್ರೂ ನಂಬರ್ ಹೋಗಲ್ಲ" ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದ. ಆ ಜಂಬ ಎಷ್ಟು ನಿಜ ಎಂಬುದು ಅವನಿಗೇ ಗೊತ್ತಾಗುವ ದಿನವೊಂದು ಬಂತು, ಪಾಪ.

ಮನೆಯಲ್ಲಿ ಇಬ್ಬರೇ, ಅವನು ಮತ್ತು ಮಗಳು. ಹೆಂಡತಿ ಹೋಗಿ ಬಹಳ ವರ್ಷಗಳಾಗಿದ್ದವು. ಮಗಳಿಗೆ ಮೂವತ್ತನಾಲ್ಕು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಮದುವೆಯ ಮಾತೆತ್ತಿದರೆ "ನಿನ್ನ ಬ್ರಷ್ ತೊಳೆಯೋಕೆ ಯಾರು ಬರ್ತಾರೆ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಮಾತು ಕಡಿಮೆ, ನಡಿಗೆ ಜೋರು. ಬಸ್ಸು ಹೊರಟುಹೋಯಿತೆಂದು ಊರೆಲ್ಲ ಕೈಚೆಲ್ಲಿ ನಿಂತರೆ ಇವಳು ಮುಂದಿನ ನಿಲ್ದಾಣಕ್ಕೆ ನಡೆದುಕೊಂಡೇ ಹೋಗಿ ಅದೇ ಬಸ್ಸು ಹತ್ತುತ್ತಿದ್ದಳು.

ಮಾಮನಿಗೆ ಎಲ್ಲ ಕೆಲಸಕ್ಕಿಂತ ಅಚ್ಚುಮೆಚ್ಚಿನದು ಮೈದಾನದ ದಾಖಲೆ ಬೋರ್ಡು. ಪೆವಿಲಿಯನ್ನಿನ ಗೋಡೆಗೆ ನೇತುಹಾಕಿದ ಕರಿ ಹಲಗೆ ಅದು, ಆಳುದ್ದ, ಎರಡಾಳು ಅಗಲ. ಒಂದೊಂದು ಸ್ಪರ್ಧೆಗೆ ಒಂದೊಂದು ಸಾಲು: ಓಟ, ತೆಗೆದುಕೊಂಡ ಹೊತ್ತು, ಓಡಿದವರ ಹೆಸರು, ವರ್ಷ. ಎಲ್ಲವೂ ಇಂಗ್ಲಿಷಿನಲ್ಲಿ. ಯಾರಾದರೂ ದಾಖಲೆ ಮುರಿದರೆ ಹಳೆಯ ಹೆಸರನ್ನು ಕೆರೆದು ಹೊಸದನ್ನು ಬರೆಯಬೇಕು. ಪ್ರತಿ ವರ್ಷ ವಾರ್ಷಿಕ ಕ್ರೀಡಾಕೂಟಕ್ಕೆ ಮೊದಲು ಮಾಸಿದ ಅಕ್ಷರಗಳ ಮೇಲೆ ಮತ್ತೊಂದು ಕೈ ಬಣ್ಣ ಎಳೆಯಬೇಕು. ಮೈದಾನದವರು ಬೋರ್ಡಿನ ಮಾತನ್ನೇ ಕೊನೆಯ ಮಾತು ಎನ್ನುತ್ತಿದ್ದರು. ಇಪ್ಪತ್ತನಾಲ್ಕು ವರ್ಷದ ಹಿಂದೆ ಪೆವಿಲಿಯನ್ನಿನ ಚಾವಣಿ ಸೋರಿ ಹಳೆಯ ರಿಜಿಸ್ಟರು ನೆಂದು ಮುದ್ದೆಯಾಗಿತ್ತು. ಬೋರ್ಡೂ ಅದೇ ನೀರಿನಲ್ಲಿ ತಿಂಗಳುಗಟ್ಟಲೆ ನೆಂದಿತ್ತು. ಆಗ ಮಾಮ ಬೋರ್ಡಿಗೆ ಮತ್ತೆ ಬಣ್ಣ ಹಾಕಿದ, ಆಗಿನ ಕಾರ್ಯದರ್ಶಿಗಳು ಅದನ್ನು ನೋಡಿಕೊಂಡು ಹೊಸ ರಿಜಿಸ್ಟರು ಬರೆದರು.

ಅಲ್ಲಿ ಇನ್ನೊಂದು ನಿಯಮವೂ ಇತ್ತು. ಮೈದಾನದ ದಾಖಲೆ ಮುರಿದ ಹುಡುಗ ಹುಡುಗಿಯರಿಗೆ ರಾಜಧಾನಿಯ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ. ಊಟ, ಬಟ್ಟೆ, ಓದು, ತರಬೇತಿ ಎಲ್ಲ ಅವರದೇ. ಮಾಮನ ಮಗಳು ಹದಿನೇಳನೆಯ ವಯಸ್ಸಿನಲ್ಲಿ ಹುಡುಗಿಯರ ಎಂಟುನೂರು ಮೀಟರಿನಲ್ಲಿ ಆ ಜಾಗಕ್ಕಾಗಿ ಓಡಿದವಳು. ಎರಡು ನಿಮಿಷ ಹದಿನಾರು ಪಾಯಿಂಟ್ ಒಂಬತ್ತು ಸೆಕೆಂಡು. ಬೋರ್ಡಿನಲ್ಲಿದ್ದದ್ದು ಎರಡು ನಿಮಿಷ ಹದಿಮೂರು ಪಾಯಿಂಟ್ ನಾಲ್ಕು. ಮೂರೂವರೆ ಸೆಕೆಂಡು ಹೆಚ್ಚಾಯಿತು. ಅವಳು ಅಳಲಿಲ್ಲ, ಗೋಳಾಡಲಿಲ್ಲ. ಶೂ ಬಿಚ್ಚಿ ಪಕ್ಕದ ಬೀದಿಯ ಹುಡುಗಿಗೆ ಕೊಟ್ಟಳು, ಮತ್ತೆ ಮೈದಾನದ ಕಡೆ ತಲೆ ಹಾಕಲಿಲ್ಲ.

ಇದೆಲ್ಲ ಹಳೆಯ ಮಾತು. ಈಗಿನ ಮಾತು ಕಡ್ಡಿಯದು. ಕಡ್ಡಿ ಎಂದರೆ ಇಸ್ತ್ರಿ ಅಂಗಡಿಯವನ ಕೊನೆಯ ಮಗಳು, ಹದಿನಾರು ವರ್ಷ. ಗಾಳಿ ಬೀಸಿದರೆ ಹಾರಿಹೋಗುತ್ತಾಳೇನೋ ಅನ್ನುವಂಥ ಮೈ. ಆದರೆ ಓಡಲು ಶುರುಮಾಡಿದಳೆಂದರೆ ನೋಡುವವರು ಉಸಿರು ಬಿಡುವುದನ್ನೇ ಮರೆಯಬೇಕು.

ಈ ವರ್ಷದ ಕ್ರೀಡಾಕೂಟದ ಗುರುವಾರ ಮಧ್ಯಾಹ್ನ ಮಾಮ ಓಟದ ಪಥಗಳ ನಂಬರಿಗೆ ಸುಣ್ಣ ಹಚ್ಚಿ, ಕೈ ಒರೆಸಿಕೊಳ್ಳುತ್ತ ಗೆರೆಯ ಪಕ್ಕದಲ್ಲೇ ನಿಂತಿದ್ದ. ಎಂಟುನೂರು ಮೀಟರು, ಎಂದರೆ ಮೈದಾನಕ್ಕೆ ಎರಡು ಸುತ್ತು. ಮೊದಲ ಸುತ್ತಿನಲ್ಲಿ ಕಡ್ಡಿ ಮೂರನೆಯವಳು. ಎರಡನೆಯ ಸುತ್ತಿನ ತಿರುವಿನಲ್ಲಿ ಅದೇನಾಯಿತೋ, ದೇವರೇ ಬಲ್ಲ, ಅವಳ ಹಿಂದೆ ಮುಂದೆ ಯಾರೂ ಇರಲಿಲ್ಲ. ಹೆಜ್ಜೆಯ ಸದ್ದಿಲ್ಲ, ಮುಖದಲ್ಲಿ ಕಷ್ಟವಿಲ್ಲ. ಕೂಗುತ್ತಿದ್ದ ಜನ ಒಬ್ಬೊಬ್ಬರಾಗಿ ಸುಮ್ಮನಾದರು. ಮಾಮ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿದ್ದದ್ದನ್ನೂ ನೋಡಲಿಲ್ಲ. ಗೆರೆ ದಾಟಿದಾಗ ಮೂರು ಸ್ಟಾಪ್‌ವಾಚುಗಳನ್ನು ಅಕ್ಕಪಕ್ಕ ಹಿಡಿದು ನೋಡಿದರು. ಮೂರರಲ್ಲೂ ಎರಡು ನಿಮಿಷ ಹದಿಮೂರು ಪಾಯಿಂಟ್ ನಾಲ್ಕು.

"ಅಯ್ಯಯ್ಯೋ!" ಎಂದರು ಈಗಿನ ಕಾರ್ಯದರ್ಶಿಗಳು, ಬೋರ್ಡಿನ ಕಡೆ ನೋಡಿ. "ಅದೇ! ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ!"

ಜನ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಮೂವತ್ತೊಂದು ವರ್ಷದ ಹಿಂದೆ ಯಾವಳೋ ಓಡಿದ ಹೊತ್ತು, ಅಂದು ಹುಟ್ಟೇ ಇರದ ಹುಡುಗಿ ಅದನ್ನೇ ಅಳೆದಿಟ್ಟ ಹಾಗೆ ಓಡುವುದೆಂದರೇನು! ಮಾಮನಿಗೆ ಮೈ ಜುಮ್ಮೆಂದಿತು. ಆದರೆ ಕಡ್ಡಿ ಮಾತ್ರ ಹುಲ್ಲಿನ ಮೇಲೆ ಕೂತು ಮಂಡಿಗೆ ಮುಖ ಕೊಟ್ಟು ಬಿಕ್ಕುತ್ತಿದ್ದಳು. ದಾಖಲೆ ಮುರಿದಿದ್ದರೆ ಹಾಸ್ಟೆಲು, ಸರಿಗಟ್ಟಿದರೆ ಬರೀ ಚಪ್ಪಾಳೆ. ಸೋಮವಾರ ಮಧ್ಯಾಹ್ನದೊಳಗೆ ರಾಜಧಾನಿಗೆ ಹೆಸರು ಕಳಿಸಬೇಕಿತ್ತು, ಮತ್ತೊಂದು ಓಟ ಮುಂದಿನ ವರ್ಷವೇ. ಮುಂದಿನ ವರ್ಷಕ್ಕೆ ಅವಳು ಶಾಲೆ ಬಿಟ್ಟು ಅಕ್ಕಂದಿರ ಹಾಗೆ ಇಸ್ತ್ರಿ ಮೇಜಿನ ಹಿಂದೆ ನಿಲ್ಲುವುದು ಖಾತ್ರಿಯಾಗಿತ್ತು.

ಮಾಮ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, "ಅಳಬೇಡ ಕಣಮ್ಮ. ಎಂಥಾ ಓಟ ಓಡಿದೀಯ ಗೊತ್ತಾ?" ಎಂದ.

"ದಿನಾ ಬೆಳಿಗ್ಗೆ ಆ ನಂಬರ್ ನೋಡ್ಕೊಂಡೇ ಓಡ್ತಿದ್ದೆ ಮಾಮ," ಎಂದಳು ಮೂಗು ಒರೆಸಿಕೊಂಡು. "ಆಗಲ್ಲ ಅನ್ನಿಸಿದಾಗೆಲ್ಲ, ಯಾರೋ ಒಬ್ಬಳು ಓಡಿದಾಳಲ್ಲ, ಅವಳಿಗೂ ಎರಡೇ ಕಾಲಲ್ವಾ, ಅಂದ್ಕೋತಿದ್ದೆ."

ಮರುದಿನ ಬೆಳಿಗ್ಗೆ ಕಾರ್ಯದರ್ಶಿಗಳು ಮಾಮನಿಗೆ ಒಂದು ಚೀಟಿ ಕೊಟ್ಟರು. ಅವರು ಕೆಟ್ಟವರಲ್ಲ, ನಿಯಮಕ್ಕೆ ಕಟ್ಟುಬಿದ್ದವರು ಅಷ್ಟೆ. ಹುಡುಗಿಯ ಸಮಾಧಾನಕ್ಕೆಂದು ಆ ಸಾಲಿನ ಕೊನೆಯಲ್ಲಿ, ದಾಖಲೆಯನ್ನು ಇಂಥವಳು ಸರಿಗಟ್ಟಿದಳು ಎಂದು ಇಂಗ್ಲಿಷಿನಲ್ಲಿ ಬರೆಸುವ ಮನಸ್ಸು ಮಾಡಿದ್ದರು. ಆ ಬೋರ್ಡಿನಲ್ಲಿ ಅಂಥ ಪದ ಹಿಂದೆಂದೂ ಬಂದಿರಲಿಲ್ಲ.

ಮಾಮ ಇಂಗ್ಲಿಷ್ ಅಕ್ಷರ ಬರೆಯಬಲ್ಲ, ಇಂಗ್ಲಿಷ್ ಬಾರದು. ಒಮ್ಮೆ ಚೀಟಿಯಲ್ಲಿದ್ದ ಹಾಗೇ ಕ್ಷೌರದಂಗಡಿಯ ಬೋರ್ಡು ಬರೆದು, ಊರೆಲ್ಲ ವಾರಗಟ್ಟಲೆ ಹೊಟ್ಟೆ ಹಿಡಿದುಕೊಂಡು ನಕ್ಕ ಮೇಲೆ ಅವನಿಗೆ ಬುದ್ಧಿ ಬಂದಿತ್ತು. ಇಂಗ್ಲಿಷ್ ಚೀಟಿ ಯಾವುದೇ ಬಂದರೂ ಹಿಂದಿನ ಬೀದಿಯ ನಿವೃತ್ತ ಇಂಗ್ಲಿಷ್ ಮೇಷ್ಟ್ರ ಕಣ್ಣಿಗೆ ತೋರಿಸದೆ ಬ್ರಷ್ ಎತ್ತುತ್ತಿರಲಿಲ್ಲ.

ಮೇಷ್ಟ್ರು ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅವರ ಮುಖ ಅರಳಿತು. ತಪ್ಪು ಸಿಕ್ಕಿದರೆ ಅವರಿಗೆ ಅಷ್ಟು ಖುಷಿ.

"ಈಕ್ವಲ್ಡ್ ಟು ದ ರೆಕಾರ್ಡ್! ಯಾವನಯ್ಯ ಇದನ್ನ ಬರೆದೋನು?"

"ಕಾರ್ಯದರ್ಶಿಗಳು, ಮೇಷ್ಟ್ರೇ."

"ನನ್ನ ಕೈಲಿ ಕಲಿತೋನೇ. ಕರ್ಮ! ಕೇಳು. ಈಕ್ವಲ್ ಅಂದ್ರೆ ಸಮ. ಇದು ಅದಕ್ಕೆ ಸಮ ಅಂತ ಹೇಳುವಾಗ ಈಕ್ವಲ್ ಟು, ಆಗ 'ಟು' ಬೇಕು. ಆದ್ರೆ ಇಲ್ಲಿ ಹುಡುಗಿ ಒಂದು ಕೆಲಸ ಮಾಡಿದಾಳೆ. ಕೆಲಸ ಆದ್ಮೇಲೆ 'ಟು' ಗಿಟು ಏನೂ ಬೇಡ. ನಾವು ಏನಂತೀವಿ? ದಾಖಲೆಯನ್ನ ಸರಿಗಟ್ಟಿದಳು ಅಂತೀವೋ, ದಾಖಲೆಗೆ ಸರಿಗಟ್ಟಿದಳು ಅಂತೀವೋ?"

"ದಾಖಲೆಯನ್ನ."

"ಹಾಂ. ಅವರಲ್ಲೂ ಅಷ್ಟೇ. 'ಟು' ಹೊಡೆದುಹಾಕು. ಇನ್ನು ಎಲ್ಲು ಅನ್ನೋ ಅಕ್ಷರ. ಇವನು ಒಂದು ಎಲ್ಲು ಹಾಕಿದಾನೆ. ಅಮೆರಿಕದೋರು ಹಾಗೇ ಬರೀತಾರೆ, ತಪ್ಪು ಅನ್ನೋ ಹಾಗಿಲ್ಲ. ನಮಗೆ ಪಾಠ ಮಾಡಿದೋರು ಎರಡು ಎಲ್ಲು ಹಾಕಿಸಿದ್ರು. ಸಮ ಆಗ್ತಾ ಇದೆ ಅನ್ನೋಕೂ ಎರಡು, ಸಮ ಆಯ್ತು ಅನ್ನೋಕೂ ಎರಡು. ಈಕ್ವಲ್ಸ್ ಅನ್ನುವಾಗ ಮಾತ್ರ ಯಾರೇ ಬರೆದ್ರೂ ಒಂದೇ. ಬೋರ್ಡಲ್ಲಿ ಮಿಕ್ಕಿದ್ದೆಲ್ಲ ಹಳೇ ರೀತಿ ಇದೆ ತಾನೇ? ನೀನೂ ಎರಡು ಹಾಕು."

"ಎರಡೂ ಸರಿ ಅಂದ್ರೆ ಒಂದು ಹಾಕಿದ್ರೆ ನನಗೆ ಬಣ್ಣ ಉಳೀತಿತ್ತು," ಎಂದ ಮಾಮ. ಮೇಷ್ಟ್ರು ಚೀಟಿಯಿಂದಲೇ ಅವನ ತಲೆಗೊಂದು ಮೊಟಕಿದರು.

ಮಾಮ ಮೈದಾನಕ್ಕೆ ಬಂದು ಆಳುಗಳ ಕೈಲಿ ಬೋರ್ಡನ್ನು ಇಳಿಸಿ ಎರಡು ಬೆಂಚುಗಳ ಮೇಲೆ ಮಲಗಿಸಿದ. ಹೊಸ ಮಾತಿಗೆ ಜಾಗ ಸಾಲದು. ಅಂಕಿಗಳನ್ನು ಕೆರೆದು ಚಿಕ್ಕದಾಗಿ ಬರೆದರೆ ಮಾತ್ರ ಸಾಲಿನಲ್ಲಿ ಹಿಡಿಯುತ್ತಿತ್ತು. ವರ್ಷಕ್ಕೊಂದು ಕೈ ಎಳೆದೆಳೆದು ಬಣ್ಣ ರೊಟ್ಟಿಯಷ್ಟು ದಪ್ಪವಾಗಿತ್ತು. ಮಾಮ ಕಬ್ಬಿಣದ ಪಟ್ಟಿಯಿಂದ ಕೆರೆಯುತ್ತ ಹೋದ. ಎರಡು ಎದ್ದಿತು. ಒಂದು ಎದ್ದಿತು. ಮೂರು ಎದ್ದಿತು, ಕೆಳಗೆ ಬರಿ ಮರ ಕಂಡಿತು, ಮರದಲ್ಲಿ ಅವನದೇ ಮೊಳೆಯ ಗೀರು ಕಂಡಿತು.

ಗೀರು ಮೂರರದಲ್ಲ. ಎಂಟರದು.

ಮಾಮ ಊದಿದ, ಅಂಗಿಯ ಚುಂಗಿನಿಂದ ಒರೆಸಿದ, ಕನ್ನಡಕ ತೆಗೆದು ಮತ್ತೆ ಹಾಕಿಕೊಂಡ. ಎಂಟು ಎಂಟಾಗಿಯೇ ಇತ್ತು, ಮೇಲೊಂದು ಸುತ್ತು, ಕೆಳಗೊಂದು ಸುತ್ತು, ಎಡಗಡೆ ಬಾಯಿ ಮುಚ್ಚಿಕೊಂಡು. ಎರಡು ನಿಮಿಷ ಹದಿನೆಂಟು ಪಾಯಿಂಟ್ ನಾಲ್ಕು. ಮೂವತ್ತೊಂದು ವರ್ಷದ ಹಿಂದೆ ಅವನು ಗೀರಿ ಬರೆದದ್ದು ಇದು. ಏನಾಯಿತೆಂದು ಅವನಿಗೆ ಒಂದೇ ಏಟಿಗೆ ಹೊಳೆಯಿತು. ಚಾವಣಿ ಸೋರಿದ ವರ್ಷ ಬೋರ್ಡಿನ ಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು. ಎಂಟರ ಎಡಮಗ್ಗುಲು ಉದುರಿ ಬಲಮಗ್ಗುಲು ಉಳಿದಿತ್ತು. ನೆಂದು ಉಬ್ಬಿದ ಮರದಲ್ಲಿ ಗೀರು ಕಣ್ಣಿಗೆ ಬಿದ್ದಿರಲಿಲ್ಲ. ಇವನು ಉಳಿದದ್ದರ ಮೇಲೆ ಬ್ರಷ್ ಎಳೆದು ಮೂರು ಮಾಡಿಬಿಟ್ಟಿದ್ದ. ಆ ದಾಖಲೆ ಓಡಿದವಳು ಅದೇ ವರ್ಷ ಅಪ್ಪನಿಗೆ ವರ್ಗವಾಗಿ ಊರು ಬಿಟ್ಟವಳು, ನೋಡಿ ಹೇಳುವವರು ಯಾರೂ ಇರಲಿಲ್ಲ. ಮಾಮ ದಿನಕ್ಕೆ ನೂರು ನಂಬರು ಬರೆಯುವವನು, ಬರೆದದ್ದನ್ನೆಲ್ಲ ನೆನಪಿಟ್ಟುಕೊಳ್ಳಲು ಅವನೇನು ರಿಜಿಸ್ಟರೇ?

ಮೊದಲು ಹೊಳೆದದ್ದು ಕಡ್ಡಿ. ಅವಳು ಸರಿಗಟ್ಟಿಲ್ಲ, ಐದು ಸೆಕೆಂಡಿನಿಂದ ಮುರಿದು ಚಿಂದಿ ಮಾಡಿದ್ದಾಳೆ! ಮಾಮ ಸಂತೋಷದಿಂದ ಎದ್ದು ನಿಂತ. ನಿಂತವನಿಗೆ ಎರಡನೆಯದು ಹೊಳೆಯಿತು. ಹದಿನಾರು ಪಾಯಿಂಟ್ ಒಂಬತ್ತು.

ಮಾಮ ಬೆಂಚು ಹಿಡಿದು ಕೆಳಗೆ ಕೂತ. ಮಗಳು ಅಂದು ಗೆದ್ದಿದ್ದಳು. ಒಂದೂವರೆ ಸೆಕೆಂಡಿನಿಂದ ಗೆದ್ದಿದ್ದಳು. ಹಾಸ್ಟೆಲು, ಓಟ, ಇನ್ನೇನೇನು ಆಗಬಹುದಿತ್ತೋ ಅದೆಲ್ಲವನ್ನೂ ಹೆತ್ತ ಅಪ್ಪನ ಬ್ರಷ್ಷೇ ನುಂಗಿತ್ತು. ಅಂದು ಶೂ ಬಿಚ್ಚುತ್ತಿದ್ದ ಮಗಳಿಗೆ "ಹೋಗಲಿ ಬಿಡಮ್ಮ, ಎಲ್ಲರ ಕೈಲೂ ಆಗೋ ಕೆಲಸ ಅಲ್ಲ ಅದು" ಎಂದು ಸಮಾಧಾನ ಹೇಳಿದವನೂ ಇವನೇ.

ಬಣ್ಣದ ಡಬ್ಬಿ ಕೈಗೆಟುಕುವಷ್ಟು ದೂರದಲ್ಲೇ ಇತ್ತು. ಒಂದು ಕೈ ಕಪ್ಪು ಬಳಿದು ಮೇಲೊಂದು ಚಿಕ್ಕ ಮೂರು ಬರೆದರೆ ಮುಗಿಯಿತು. ನೋಡಿದವರಿಲ್ಲ, ಕೇಳುವವರಿಲ್ಲ. ಮಾಮ ಬ್ರಷ್ ಕೈಗೆತ್ತಿಕೊಂಡದ್ದೂ ಉಂಟು, ಸುಳ್ಳು ಯಾಕೆ ಹೇಳಲಿ. ಆದರೆ ಕಡ್ಡಿಯ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಯಾರೋ ಒಬ್ಬಳು ಓಡಿದಾಳಲ್ಲ ಎಂದಿತ್ತು ಆ ಮಗು. ಯಾರೂ ಓಡಿರಲಿಲ್ಲ! ಈ ಮೈದಾನದಲ್ಲಿ ಯಾವ ಹುಡುಗಿಯೂ ಓಡಿರದ ಹೊತ್ತನ್ನು, ಯಾರೋ ಓಡಿದ್ದಾರೆಂದು ನಂಬಿ, ಅವಳು ಹೋಗಿ ಓಡಿ ಬಂದಿದ್ದಳು. ಹಾಗಾದರೆ ಅವಳು ಸರಿಗಟ್ಟಿದ್ದು ಯಾರನ್ನು? ಮಾಮ ಬ್ರಷ್ ಕೆಳಗಿಟ್ಟ. ಮೊದಲು ಮಗಳಿಗೆ ಹೇಳಬೇಕು, ಆಮೇಲೆ ಊರಿಗೆ.

ಸಂಜೆ ಮಗಳು ಡ್ಯೂಟಿ ಮುಗಿಸಿ ಬಂದು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಮಾಮ ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ. ನಡುವೆ ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಚಾಕು ನಿಂತಿತು. "ಎಷ್ಟು ಅಂದೆ?"

"ಹದಿನೆಂಟು."

"ಹದಿನೆಂಟಾ?"

"ಹೂಂ ಕಣಮ್ಮ. ಹದಿನೆಂಟು ಪಾಯಿಂಟ್ ನಾಲ್ಕು."

ಅವಳು ಚಾಕು ಕೆಳಗಿಟ್ಟಳು. ಆಮೇಲೆ ತಿರುಗಿದಳು. ಆ ದನಿಯನ್ನು ಮಾಮ ಆ ಮನೆಯಲ್ಲಿ ಹಿಂದೆಂದೂ ಕೇಳಿರಲಿಲ್ಲ. "ಹದಿನೇಳು ವರ್ಷ ಅಪ್ಪ! ನಾನು ಅಷ್ಟಕ್ಕೇ ಲಾಯಕ್ಕು ಅಂತ ಹದಿನೇಳು ವರ್ಷ ಅಂದ್ಕೊಂಡಿದ್ದೆ! ಯಾವುದಕ್ಕೂ ಕೈ ಹಾಕ್ಲಿಲ್ಲ ನಾನು. ಹೇಗೂ ಸ್ವಲ್ಪದರಲ್ಲಿ ತಪ್ಪಿಹೋಗತ್ತೆ ಅಂತ. ಗೊತ್ತಾ ನಿಂಗೆ?"

ಮಾಮ ತಲೆ ತಗ್ಗಿಸಿದ. ಅವಳು ಚಪ್ಪಲಿ ಮೆಟ್ಟಿ ಹೊರಟೇಹೋದಳು. ಅವಳ ನಡಿಗೆಗೆ ಇವನು ಸಾಟಿಯೇ? ಏದುಸಿರು ಬಿಡುತ್ತ ಹಿಂದೆ ಹಿಂದೆ ಹೋದ.

ಅವಳು ಮೈದಾನದಲ್ಲಿದ್ದಳು. ಇನ್ನೂ ಬೆಳಕಿತ್ತು. ಬೆಂಚುಗಳ ಮೇಲಿನ ಬೋರ್ಡಿನ ಮುಂದೆ ಬಗ್ಗಿ, ಬೆರಳ ತುದಿಯಿಂದ ಎಂಟರ ಗೀರನ್ನು ಸವರುತ್ತಿದ್ದಳು. ಆಚೆ ಕಡ್ಡಿ ಒಬ್ಬಳೇ ಓಡುತ್ತಿದ್ದಳು. ಹಾಸ್ಟೆಲು ಇಲ್ಲವೆಂದ ಮೇಲೂ ಓಡುವುದು ಬಿಟ್ಟಿರಲಿಲ್ಲ. ಮಗಳು ತಲೆಯೆತ್ತಿ ಅವಳು ಒಂದು ಸುತ್ತು ಮುಗಿಸುವವರೆಗೂ ಕಣ್ಣು ಕೀಳದೆ ನೋಡಿದಳು. ಕೋಪ ಮುಖದಲ್ಲಿ ಹಾಗೆಯೇ ಇತ್ತು, ಆದರೆ ಅದರ ಜೊತೆಗೆ ಬೇರೇನೋ ಬಂದು ಸೇರಿತು.

"ಅಪ್ಪ, ಹದಿಮೂರನ್ನ ಇಲ್ಲಿ ಯಾರೂ ಓಡಿರಲೇ ಇಲ್ಲ, ಅಲ್ವಾ?"

"ಇಲ್ಲ."

"ನಾನು ಆ ನಂಬರ್ ನೋಡಿ ಬಿಟ್ಬಿಟ್ಟೆ. ಇವಳು ಅದೇ ನಂಬರ್ ನೋಡಿ ಓಡಿದಾಳೆ. ನೀನು ತಪ್ಪು ಬರೆದೆ, ಈ ಮಗು ಹೋಗಿ ಅದನ್ನ ನಿಜ ಮಾಡಿ ಬಂತು." ಅವಳು ಮುಂಗೈ ಚಾಚಿದಳು. "ನೋಡಿಲ್ಲಿ, ಕೂದಲು ಹೇಗೆ ನಿಂತಿದೆ."

ಮಾಮ ನೋಡಿದ. ಅವನ ಕೈಯಲ್ಲೂ ಹಾಗೆಯೇ ನಿಂತಿತ್ತು. ಅಪ್ಪ ಮಗಳು, ಕಡ್ಡಿ ಇನ್ನೊಂದು ಸುತ್ತು ಬರುವುದನ್ನು ನೋಡುತ್ತ ನಿಂತರು.

ಶನಿವಾರ ಅಪ್ಪ ಮಗಳು ಹೋಗಿ ವಿಷಯ ಹೇಳಿದಾಗ ಕಾರ್ಯದರ್ಶಿಗಳು ಮೊದಲು ಕೂಗಾಡಿದರು. "ಏನ್ರೀ ಮಾಮ, ಊರೆಲ್ಲ ನನ್ನ ಮಾನ ಹರಾಜು ಹಾಕ್ತೀರಾ?" ಎಂದರು. ಆಮೇಲೆ ಗೀರಿನ ಮೇಲೆ ಬೆರಳಿಟ್ಟು ನೋಡಿ ತಣ್ಣಗಾದರು. ರಿಜಿಸ್ಟರಿನ ಇಪ್ಪತ್ತನಾಲ್ಕು ವರ್ಷವನ್ನೂ ತಿರುವಿ ಹಾಕಿದರು. ಹದಿನೆಂಟು ಪಾಯಿಂಟ್ ನಾಲ್ಕಕ್ಕಿಂತ ಕಡಿಮೆ ಹೊತ್ತಿನಲ್ಲಿ ಓಡಿದವರು ಇಬ್ಬರೇ ಸಿಕ್ಕಿದರು. ಒಬ್ಬಳು ಕಡ್ಡಿ. ಇನ್ನೊಬ್ಬಳು ಎದುರಿಗೇ ನಿಂತಿದ್ದಳು.

ಅವರು ಎದ್ದು ನಿಂತರು. "ಕಡ್ಡಿ ಹೆಸರು ಸೋಮವಾರ ಹೋಗತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನಿಮಗೆ... ಏನು ಹೇಳ್ಲಿ ತಾಯಿ? ಆ ಜಾಗ ಈಗ ಕೊಡೋ ಹಾಗಿಲ್ಲವಲ್ಲ."

"ಹಾಸ್ಟೆಲ್ ತಗೊಂಡು ನಾನೇನು ಮಾಡ್ಲಿ ಸರ್, ಈ ವಯಸ್ಸಲ್ಲಿ," ಎಂದಳು. "ಬೋರ್ಡಲ್ಲಿ ಒಂದು ದಿನ ನನ್ನ ಹೆಸರಿರಲಿ. ನಾಳೆ ಒಂದು ದಿನ. ಆಮೇಲೆ ಕಡ್ಡಿ ಹೆಸರು ಬರೀರಿ."

ಕಾರ್ಯದರ್ಶಿಗಳು ತಲೆಯಾಡಿಸಿದರು. ಈಕ್ವಲ್ಡ್ ಎಂಬ ಎರಡು ಎಲ್ಲಿನ ಪದ ಬೋರ್ಡು ಹತ್ತದೆ ಚೀಟಿಯಲ್ಲೇ ಉಳಿಯಿತು. ಮೇಷ್ಟ್ರಿಗೆ ಅದೊಂದು ಕೊರಗು.

ಭಾನುವಾರ ಬೆಳಕು ಹರಿಯುತ್ತಿದ್ದಂತೆ ಮಾಮ ಬರೆಯಲು ಕೂತ. ಒಂದೊಂದು ಅಕ್ಷರಕ್ಕೂ ಉಸಿರು ಹಿಡಿದು, ಎರಡು ನಿಮಿಷ ಹದಿನಾರು ಪಾಯಿಂಟ್ ಒಂಬತ್ತು ಎಂದು ಬರೆದ, ಮಗಳ ಹೆಸರು ಬರೆದ, ವರ್ಷ ಬರೆದ. ಬೋರ್ಡನ್ನು ಎತ್ತಿ ಗೋಡೆಗೆ ಹಾಕಿದರು. ಮಗಳು ಎದುರಿನ ಮೆಟ್ಟಿಲ ಮೇಲೆ ಟೀ ಫ್ಲಾಸ್ಕು ಇಟ್ಟುಕೊಂಡು ಇಡೀ ದಿನ ಕೂತಳು. ಓಡಲು ಬಂದ ಹುಡುಗಿಯರು ಹೊಸ ಹೆಸರು ಓದಿ ಅವಳ ಕಡೆ ತಿರುಗಿ ತಿರುಗಿ ನೋಡಿದರು. ಕಡ್ಡಿ ಮಾತ್ರ ನೇರ ಬಂದು ಪಕ್ಕದಲ್ಲಿ ಕೂತಳು.

"ಅಕ್ಕ, ಹದಿನಾರು ಪಾಯಿಂಟ್ ಒಂಬತ್ತು ನೀವೇನಾ? ಅಷ್ಟು ಚೆನ್ನಾಗಿ ಓಡ್ತಿದ್ದೋರು ಯಾಕೆ ಬಿಟ್ರಿ?"

"ಸೋತೆ ಅಂದ್ರು. ನಂಬಿಬಿಟ್ಟೆ."

ಕಡ್ಡಿ ಅಕ್ಕನ ಕೈ ಹಿಡಿದುಕೊಂಡು ಬಿಸಿಲು ಏರುವವರೆಗೂ ಅಲ್ಲೇ ಕೂತಳು.

ಸೋಮವಾರ ಬೆಳಿಗ್ಗೆ ಬೋರ್ಡು ಮತ್ತೆ ಬೆಂಚಿನ ಮೇಲೆ ಬಂತು. ಬಣ್ಣ ಚೆನ್ನಾಗಿ ಒಣಗಿತ್ತು. ಮಾಮ ಕೆರೆಯುವ ಪಟ್ಟಿಯನ್ನು ಕೈಗೆ ತೆಗೆದುಕೊಂಡ, ಹೆಸರಿನ ಮೇಲೆ ಇಟ್ಟ, ಅಲ್ಲಿಂದ ಮುಂದಕ್ಕೆ ಕೈ ಹೋಗಲಿಲ್ಲ. ಕಣ್ಣೆಲ್ಲ ಮಂಜು.

"ಕೊಡಪ್ಪ ಇಲ್ಲಿ," ಎಂದು ಮಗಳು ಪಟ್ಟಿ ಕಿತ್ತುಕೊಂಡಳು. ಬಗ್ಗಿ, ತನ್ನ ಹೆಸರನ್ನು ತಾನೇ ಒಂದೊಂದೇ ಅಕ್ಷರವಾಗಿ ಕೆರೆದಳು. ಅವಸರ ಮಾಡಲಿಲ್ಲ. ಕೊನೆಗೆ ಬಾಯಿಂದ ಊದಿ ಪುಡಿ ಹಾರಿಸಿ, ಅಂಗೈಯಿಂದ ಮರವನ್ನು ಒರೆಸಿದಳು. ಆಮೇಲೆ ಬ್ರಷ್ಷನ್ನು ಬಣ್ಣದಲ್ಲಿ ಅದ್ದಿ ಅಪ್ಪನ ಕೈಗೆ ಕೊಟ್ಟು, ಕಡ್ಡಿಯ ಓಟದ ಚೀಟಿಯನ್ನು ತನ್ನ ಕೈಯಲ್ಲೇ ಹಿಡಿದುಕೊಂಡಳು.

"ಬರಿ. ನಂಬರ್ ನಾನು ಹೇಳ್ತೀನಿ."

ಅವಳು ಒಂದೊಂದೇ ಅಂಕಿ ಓದಿದಳು, ಮಾಮ ಬರೆದ.